ರಿಕವರಿ ಜಾಕ್: ವಾಹನದಲ್ಲಿ ಎಲ್ಲಿ ಅಳವಡಿಸಬೇಕು, ಹೇಗೆ ಕಾಪಾಡಬೇಕು?

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯ ಕಡೆಗೆ ವ್ಯಾಪಾರದ ನಿಮಿತ್ತ ವಾಹನ ಕಳುಹಿಸುವ ವರ್ತಕರಿಗೆ ಡಾಂಬರು ರಸ್ತೆ ಮುಗಿದ ಮೇಲಿನ ದಾರಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಹಿಪ್ಪುನೇರಳೆ ತೋಟಗಳಿಗೂ ಮಾವಿನ ತೋಪುಗಳಿಗೂ ಹೋಗುವ ಬಂಡಿಜಾಡುಗಳಲ್ಲಿ ಒಂದೆಡೆ ಹಾಸುಬಂಡೆ, ಇನ್ನೊಂದೆಡೆ ಮಳೆಗೆ ಕುಸಿಯುವ ಕೆಮ್ಮಣ್ಣು. ರೇಷ್ಮೆಗೂಡು ಹೇರಿದ ಪಿಕಪ್ ಅಲ್ಲಿ ಹೂತುಕೊಂಡರೆ ನಷ್ಟವಾಗುವುದು ಸಮಯ ಮಾತ್ರವಲ್ಲ. ಗೂಡು ತಡವಾದಷ್ಟೂ ತೂಕ ಕಳೆದುಕೊಳ್ಳುತ್ತದೆ. ರಾಮನಗರ ಗೂಡಿನ ಮಾರುಕಟ್ಟೆಯ ಆ ದಿನದ ಹರಾಜೂ ಕೈತಪ್ಪುತ್ತದೆ. ಈ ಕಾರಣದಿಂದ ಜೀಪು, ಪಿಕಪ್‌ಗಳ ಮಾಲೀಕರಲ್ಲಿ ಕೆಲವರು ಹೈ-ಲಿಫ್ಟ್ ಜಾಕ್ ಎಂಬ ಉದ್ದನೆಯ ರಿಕವರಿ ಜಾಕನ್ನು ಕೊಳ್ಳುತ್ತಾರೆ. ಆದರೆ ಕೊಳ್ಳುವಾಗ ತೋರುವ ಆಸಕ್ತಿ ಅದನ್ನು ವಾಹನದಲ್ಲಿ ಎಲ್ಲಿ, ಹೇಗೆ ಇರಿಸಬೇಕೆಂಬ ವಿಷಯದಲ್ಲಿ ಕಾಣುವುದಿಲ್ಲ. ಸೀಟಿನ ಹಿಂದೆ ಸುಮ್ಮನೆ ಒರಗಿಸಿಟ್ಟ ಜಾಕ್ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿದ್ದರೂ ರಸ್ತೆಯಲ್ಲಿ ಅದು ಹೊಣೆಯೇ ಸರಿ.

ಸಾಧನದ ಸ್ವರೂಪ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್‌ನಲ್ಲಿ 1905ರಿಂದ ತಯಾರಾಗುತ್ತಿರುವ ಹೈ-ಲಿಫ್ಟ್ ಎಂಬ ಜಾಕ್‌ನಿಂದ ಈ ಮಾದರಿಗೇ ಆ ಹೆಸರು ರೂಢಿಗೆ ಬಂದಿದೆ. ರಂಧ್ರಗಳಿರುವ ಉಕ್ಕಿನ ಕಂಬ, ಅದರ ಮೇಲೆ ಎರಡು ಪಿನ್ನುಗಳ ನೆರವಿನಿಂದ ಹತ್ತಿ ಇಳಿಯುವ ಯಂತ್ರಭಾಗ, ಉದ್ದನೆಯ ಹಿಡಿ, ಕೆಳಗೊಂದು ಪಾದಫಲಕ: ಇಷ್ಟೇ ಅದರ ರಚನೆ. 48 ಅಂಗುಲದ ಜಾಕ್ ಸುಮಾರು 13 ಕಿಲೋ ತೂಗುತ್ತದೆ.

ಅಳವಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಜಾಕ್ ನಮ್ಮ ವಾಹನಕ್ಕೆ ಹೊಂದುತ್ತದೆಯೇ? ಅದು ವಾಹನವನ್ನು ಎತ್ತುವುದು ಗಟ್ಟಿಯಾದ ಉಕ್ಕಿನ ಬಂಪರ್ ಅಥವಾ ಚಾಸಿಸ್‌ಗೆ ಸೇರಿದ ಬಲವಾದ ಆಧಾರದಿಂದ. ಪ್ಲಾಸ್ಟಿಕ್ ಬಂಪರ್‌ನ ವಾಹನದಲ್ಲಿ ಅದಕ್ಕೆ ಹಿಡಿತವೇ ದೊರೆಯದು. ಅಂಥವರು ತಯಾರಕರು ಕೊಟ್ಟ ಜಾಕನ್ನೋ ಬಾಟಲ್ ಜಾಕನ್ನೋ ಸುಸ್ಥಿತಿಯಲ್ಲಿಟ್ಟುಕೊಳ್ಳುವುದೇ ಲಾಭಕರ.

ಬಿಗಿಯಾಗಿ ಬಂಧಿಸುವುದೇಕೆ?

ಇದಕ್ಕೆ ಉತ್ತರ ಸರಳವಾದ ಲೆಕ್ಕದಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಮರಕ್ಕೋ ಬಂಡೆಗೋ ತಗುಲಿ ಅರ್ಧ ಮೀಟರ್ ಅಂತರದಲ್ಲಿ ನಿಂತಿತೆಂದು ಭಾವಿಸೋಣ. ಆಗ ಅದರೊಳಗಿನ ಪ್ರತಿಯೊಂದು ವಸ್ತುವಿನ ಮೇಲೂ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. ಎಂದರೆ 13 ಕಿಲೋ ಜಾಕನ್ನು ಹಿಡಿದು ನಿಲ್ಲಿಸಲು ಸುಮಾರು 260 ಕಿಲೋ ಭಾರ ತಡೆಯುವ ಬಂಧನ ಬೇಕು. ಹುರಿಹಗ್ಗವಾಗಲಿ ರಬ್ಬರ್ ಪಟ್ಟಿಯಾಗಲಿ ಇದಕ್ಕೆ ಸಾಲದು. ಬಂಧನ ಕಳಚಿದ ಜಾಕ್ ಹೋಗಿ ಬಡಿಯುವುದು ಮುಂದಿನ ಸೀಟಿನಲ್ಲಿ ಕುಳಿತ ಚಾಲಕನಿಗೆ. ಕೆಲಸದ ವೇಳೆಯಲ್ಲಿ ಗಾಯಗೊಂಡ ನೌಕರನಿಗೆ ಪರಿಹಾರ ನೀಡುವ ಹೊಣೆ ಮಾಲೀಕನದು. ಪ್ರಾಣಕ್ಕಂತೂ ಪರಿಹಾರವೇ ಇಲ್ಲ.

ಸ್ಥಳದ ಆಯ್ಕೆ

ಎಲ್ಲ ವಾಹನಗಳಿಗೂ ಒಪ್ಪುವ ಒಂದೇ ಸ್ಥಳವಿಲ್ಲ. ಪ್ರತಿಯೊಂದರ ಗುಣದೋಷಗಳನ್ನು ತೂಗಿ ನೋಡಬೇಕು.

ವಾಹನದ ಒಳಗೆ: ಮಳೆ, ಧೂಳು, ಕಳ್ಳರ ಭಯವಿಲ್ಲ. ಆದರೆ ಮೇಲೆ ಹೇಳಿದ ಅಪಾಯ ಇಲ್ಲಿಯೇ ಹೆಚ್ಚು. ಹಿಂದಿನ ನೆಲಕ್ಕೆ, ಸಾಧ್ಯವಾದಷ್ಟು ಕೆಳಮಟ್ಟದಲ್ಲಿ, ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿದರೆ ಮಾತ್ರ ಇದು ಉತ್ತಮ ಸ್ಥಳ.

ಬಾನೆಟ್ ಮತ್ತು ಮುಂದಿನ ಬಂಪರ್: ಕೈಗೆ ಸುಲಭವಾಗಿ ಸಿಗುವುದಾದರೂ ಬಾನೆಟ್ ಮೇಲಿನ ಜಾಕ್ ಚಾಲಕನ ನೋಟಕ್ಕೆ ಅಡ್ಡಿ. ಮುಂದಿನ ಬಂಪರ್ ಮೇಲಿದ್ದರೆ ಪಾದಚಾರಿಗೆ ತಗುಲುವ ಪೆಟ್ಟು ತೀವ್ರವಾಗುತ್ತದೆ, ಕೆಸರೂ ಸಿಡಿಯುತ್ತದೆ. ಎರಡೂ ಶಿಫಾರಸಿಗೆ ಯೋಗ್ಯವಲ್ಲ.

ಮೇಲಿನ ಕ್ಯಾರಿಯರ್: ಜಾಗ ಉಳಿಯುತ್ತದೆ, ಆದರೆ ವಾಹನದ ಗುರುತ್ವಕೇಂದ್ರ ಮೇಲೇರುತ್ತದೆ. ವಾಲಿ ನಿಂತ ಜೀಪಿನ ನೆತ್ತಿಯಿಂದ 13 ಕಿಲೋ ಉಕ್ಕನ್ನು ಇಳಿಸುವುದೂ ಸುಲಭವಲ್ಲ.

ಹಿಂದಿನ ಬಾಗಿಲು: ಸ್ಟೆಪ್ನಿಯ ಪಕ್ಕದಲ್ಲಿ ಕಟ್ಟುವುದು ವಾಡಿಕೆ. ಸ್ಟೆಪ್ನಿಯ ಭಾರದೊಂದಿಗೆ ಇದೂ ಸೇರಿ ಬಾಗಿಲಿನ ಕೀಲುಗಳು ಸಡಿಲವಾಗುವ ಸಂಭವವಿದೆ. ಹಿಂದಿನ ಬಂಪರ್‌ಗೆ ಜೋಡಿಸಿದ ಪ್ರತ್ಯೇಕ ಚೌಕಟ್ಟಿದ್ದರೆ ಲೇಸು.

ಪಿಕಪ್‌ಗಳು: ಕ್ಯಾಬಿನ್ ಮತ್ತು ಬಾಡಿಯ ನಡುವೆ ಸಂದಿಯಿದ್ದರೆ ಬಾಡಿಯ ಮುಂಭಾಗದ ಹೊರಮೈಗೆ ಅಡ್ಡಲಾಗಿ ಬಿಗಿಯಬಹುದು. ಇಲ್ಲವಾದರೆ ಬಾಡಿಯ ಕೆಳಗೆ ಪಕ್ಕಕ್ಕೆ ಮುಚ್ಚಳವಿರುವ ಉಕ್ಕಿನ ಪೆಟ್ಟಿಗೆ. ಸರಕು ತುಂಬಿದ ಮೇಲೂ ಜಾಕ್ ಕೈಗೆ ಸಿಗಬೇಕೆಂಬುದು ಇಲ್ಲಿ ಮುಖ್ಯ. ಗೂಡಿನ ಚೀಲಗಳ ಅಡಿಯಲ್ಲಿ ಹೂತುಹೋದ ಜಾಕ್ ಇದ್ದೂ ಇಲ್ಲದಂತೆ.

ಇನ್ನೊಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ನಮ್ಮದು ಎಡಬದಿಯ ಸಂಚಾರವಾದುದರಿಂದ ವಾಹನ ಚರಂಡಿಗೆ ಇಳಿಯುವುದು ಸಾಮಾನ್ಯವಾಗಿ ಎಡಕ್ಕೆ. ಎಡಪಕ್ಕದಲ್ಲಿ ಕಟ್ಟಿದ ಜಾಕ್ ಆಗ ದಿಬ್ಬಕ್ಕೆ ಒತ್ತಿಕೊಂಡು ಬಿಡಿಸಲಾರದಂತಾಗುತ್ತದೆ. ಆದುದರಿಂದ ಪಕ್ಕದಲ್ಲಿ ಕಟ್ಟುವುದಾದರೆ ಬಲಬದಿಯೇ ಮೇಲು.

ಅಳವಡಿಸುವ ಕ್ರಮ

ಕಂಬವನ್ನು ಕನಿಷ್ಠ ಎರಡು ಕಡೆ, ಪರಸ್ಪರ ದೂರದಲ್ಲಿ, ಕ್ಲಾಂಪ್ ಹಾಕಿ ಹಿಡಿಸಬೇಕು. ತೆಳುತಗಡಿಗೆ ನೇರವಾಗಿ ಬೋಲ್ಟ್ ಹಾಕಿದರೆ ಕುಲುಕಾಟಕ್ಕೆ ತಗಡೇ ಹರಿಯುತ್ತದೆ. ಹಿಂಬದಿಗೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ತಾನಾಗಿ ಸಡಿಲವಾಗದ ಲಾಕ್‌ನಟ್ ಬಳಸಬೇಕು. ಚಾಸಿಸ್‌ಗೆ ಹೊಸ ರಂಧ್ರ ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಸಲ್ಲದು. ಈಗಾಗಲೇ ಇರುವ ರಂಧ್ರಗಳನ್ನೋ ಕ್ಲಾಂಪನ್ನೋ ಉಪಯೋಗಿಸತಕ್ಕದ್ದು. ಜಾಕ್‌ನ ಹಿಡಿಯನ್ನು ಕಂಬಕ್ಕೆ ಸೇರಿಸಿ ಬಂಧಿಸಿದರೆ ಕಟಕಟ ಸದ್ದೂ ಸವೆತವೂ ತಪ್ಪುತ್ತವೆ. ಮೊದಲ ನೂರು ಕಿ.ಮೀ. ಓಡಿದ ಬಳಿಕ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಬಿಗಿಗೊಳಿಸುವುದು ಅವಶ್ಯ. ಹೊರಗಡೆ ಅಳವಡಿಸಿದ್ದಕ್ಕೆ ಬೀಗವಿರಲಿ; ಬೀಗದ ಕೈ ವಾಹನದ ಕೀಲಿಗೊಂಚಲಿನಲ್ಲಿಯೇ ಇರಲಿ.

ರಕ್ಷಣೆ ಮತ್ತು ನಿರ್ವಹಣೆ

ಹೊರಗಿರುವ ಜಾಕ್‌ನ ದೊಡ್ಡ ಶತ್ರು ಕೆಸರು. ಪಿನ್ನುಗಳ ಸಂದಿಗೆ ಮಣ್ಣು ಸೇರಿ ಒಣಗಿದರೆ ಅವು ರಂಧ್ರದಲ್ಲಿ ಸರಿಯಾಗಿ ಕೂರುವುದಿಲ್ಲ. ಹೊತ್ತ ಭಾರದೊಂದಿಗೆ ಜಾಕ್ ಜಾರಬಹುದು. ಯಂತ್ರಭಾಗಕ್ಕೆ ದಪ್ಪ ಬಟ್ಟೆಯ ಹೊದಿಕೆ ಹಾಕಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆದು, ಒಣಗಿಸಿ, ತೆಳುವಾದ ಎಣ್ಣೆ ಬಿಡಬೇಕು. ಗ್ರೀಸ್ ಧೂಳನ್ನು ಹಿಡಿದಿಡುವುದರಿಂದ ಅದು ಬೇಡ. ದಿಕ್ಕು ಬದಲಿಸುವ ಸನ್ನೆಯನ್ನು ಸದಾ ಮೇಲ್ಮುಖವಾಗಿ ಇರಿಸಬೇಕು. ಬಾಟಲ್ ಜಾಕನ್ನು ಮಾತ್ರ ನೆಟ್ಟಗೆ ನಿಲ್ಲಿಸಿ, ದಂಡವನ್ನು ಪೂರ್ಣ ಇಳಿಸಿ ಇಡತಕ್ಕದ್ದು. ಮಲಗಿಸಿದರೆ ಎಣ್ಣೆ ಸೋರುವ ಸಂಭವವಿದೆ.

ಒಂದಡಿ ಚದರದ ದಪ್ಪ ಮರದ ಹಲಗೆಯೊಂದು ಜಾಕ್‌ನ ಜೊತೆಗೇ ಇರಬೇಕು. ಕೆಮ್ಮಣ್ಣಿನಲ್ಲಿ ಹಲಗೆಯಿಲ್ಲದೆ ಪಾದಫಲಕ ಹೂತುಹೋಗುವುದೇ ಹೊರತು ವಾಹನ ಏಳುವುದಿಲ್ಲ. ಚಕ್ರಗಳಿಗೆ ಕಲ್ಲು ಕೊಡದೆ ಎತ್ತಬಾರದು. ಜಾಕ್ ಒಂದನ್ನೇ ನಂಬಿ ಯಾರೂ ವಾಹನದ ಅಡಿಗೆ ಹೋಗಬಾರದು.

ಕಾನೂನು, ವಿಮೆ ಮತ್ತು ಲೆಕ್ಕಪತ್ರ

ಮೋಟಾರು ವಾಹನ ಅಧಿನಿಯಮ, 1988ರ 52ನೇ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಅನಧಿಕೃತ ಬುಲ್‌ಬಾರ್, ಕ್ರ್ಯಾಶ್‌ಗಾರ್ಡ್‌ಗಳ ವಿರುದ್ಧ ಕ್ರಮ ಜರುಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಕಳಚಬಹುದಾದ ಕ್ಲಾಂಪಿನಲ್ಲಿ ಜಾಕ್ ಹೊತ್ತೊಯ್ಯುವುದು ಬೇರೆ, ಜಾಕ್‌ಗಾಗಿ ಬಂಪರನ್ನೇ ಬದಲಿಸುವುದು ಬೇರೆ. ನಂಬರ್ ಫಲಕ, ದೀಪಗಳು ಮರೆಯಾಗದಂತೆಯೂ ವಾಹನದ ಅಂಚಿನಿಂದ ಏನೂ ಚಾಚಿಕೊಳ್ಳದಂತೆಯೂ ಎಚ್ಚರ ವಹಿಸಬೇಕು.

ವಾಣಿಜ್ಯ ವಾಹನಗಳ ವಿಮಾ ಪಾಲಿಸಿಗಳಲ್ಲಿ, ವಾಹನವೂ ಜೊತೆಗೆ ಕಳುವಾಗದ ಹೊರತು ಬಿಡಿ ಉಪಕರಣದ ಕಳವಿಗೆ ಪರಿಹಾರವಿಲ್ಲವೆಂಬ ಷರತ್ತು ಸಾಮಾನ್ಯ. ಪಾಲಿಸಿಯನ್ನು ಓದಿ ನೋಡುವುದು ಒಳಿತು. ಖರೀದಿ ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿಯೇ ಪಡೆದು, ಸ್ಥಿರಾಸ್ತಿ ವಹಿಯಲ್ಲಿ ವಾಹನದ ಸಂಖ್ಯೆಯೊಂದಿಗೆ ನಮೂದಿಸಿದರೆ ಜಾಕ್ ಯಾವ ವಾಹನದಲ್ಲಿದೆ ಎಂಬುದಕ್ಕೆ ದಾಖಲೆ ಉಳಿಯುತ್ತದೆ. ವರ್ಷಾಂತ್ಯದ ಭೌತಿಕ ತಪಾಸಣೆಯಲ್ಲಿ ಜಾಕ್ ಇದೆಯೇ ಎಂದು ಮಾತ್ರವಲ್ಲದೆ ಬಂಧನ ಬಿಗಿಯಾಗಿದೆಯೇ ಎಂದೂ ನೋಡಿ ಗುರುತು ಹಾಕಬಹುದು.

ಒಟ್ಟಿನಲ್ಲಿ, ಕೆಳಮಟ್ಟದಲ್ಲಿ, ಗಟ್ಟಿಯಾಗಿ, ಕೈಗೆ ಸಿಗುವಂತೆ ಮತ್ತು ಕೆಸರು ಸೋಕದಂತೆ ಇರಿಸಿದ ಜಾಕ್ ಮಾತ್ರ ಆಪತ್ತಿಗೆ ಒದಗೀತು. ಕ್ಲಾಂಪ್, ಹೊದಿಕೆ, ಹಲಗೆಗಳಿಗೆ ತಗಲುವ ವೆಚ್ಚ ಒಂದು ದಿನದ ಸರಕಿನ ಬೆಲೆಯ ಮುಂದೆ ಅತ್ಯಲ್ಪ. ಮುಂಗಾರು ಆರಂಭವಾಗುವ ಮೊದಲೇ ವರ್ತಕ ಬಾಂಧವರು ತಮ್ಮ ವಾಹನಗಳನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಿಕೊಳ್ಳುವುದು ವಿಹಿತ.