ಶ್ರೀ ಟಿ.ಎಸ್. ನಾಗಾಭರಣ: ಪ್ರಮುಖ ಚಿತ್ರಗಳು ಹಾಗೂ ಧಾರವಾಡ ಸೀಮೆಯ ನಂಟು

ಕನ್ನಡ ಚಲನಚಿತ್ರ ರಂಗದ ಹಿರಿಯ ನಿರ್ದೇಶಕರಾದ ಶ್ರೀ ತಲಕಾಡು ಶ್ರೀನಿವಾಸಯ್ಯ ನಾಗಾಭರಣ ಅವರು 1953ರ ಜನವರಿ 23ರಂದು ಬೆಂಗಳೂರಿನಲ್ಲಿ ಜನಿಸಿದರು. ಧಾರವಾಡ ಜಿಲ್ಲೆ ಅವರ ತವರಲ್ಲ. ಆದರೂ ಕುಂದಗೋಳ ತಾಲ್ಲೂಕಿನ ಕಳಸ ಎಂಬ ಗ್ರಾಮದ ಹೆಸರನ್ನು ನಾಡಿನ ದಕ್ಷಿಣದ ತುದಿಯವರೆಗೂ ಬೆಳ್ಳಿತೆರೆಯ ಮೂಲಕ ತಲುಪಿಸಿದವರು ಅವರೇ. ಈ ಭಾಗದ ಆಡುನುಡಿಗೆ ಕನ್ನಡ ಚಿತ್ರಗಳಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟ ಕೆಲವೇ ನಿರ್ದೇಶಕರಲ್ಲಿ ಅವರೂ ಒಬ್ಬರು. ಅವರ ವೃತ್ತಿಜೀವನ ಹಾಗೂ ಮುಖ್ಯ ಚಿತ್ರಗಳ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ರಂಗಭೂಮಿಯಿಂದ ಚಿತ್ರರಂಗಕ್ಕೆ

ಶ್ರೀ ನಾಗಾಭರಣ ಅವರು ಬಿ.ವಿ. ಕಾರಂತರ ಗರಡಿಯಲ್ಲಿ ಪಳಗಿದವರು. ಕಾರಂತರು ಕಟ್ಟಿದ 'ಬೆನಕ' ತಂಡದ, ಅಂದರೆ ಬೆಂಗಳೂರು ನಗರ ಕಲಾವಿದರು ಎಂಬ ಸಂಸ್ಥೆಯ, ನಾಟಕಗಳಲ್ಲಿ ದುಡಿದು ಅನುಭವ ಪಡೆದರು. ಹಾಡು, ಕಥೆ ಮತ್ತು ಅಭಿನಯಗಳನ್ನು ಬೇರ್ಪಡಿಸದೆ ಒಂದೇ ಹದದಲ್ಲಿ ಬೆರೆಸುವ ಕಾರಂತರ ರೀತಿ ಅವರ ಚಿತ್ರಗಳಲ್ಲಿಯೂ ಕಂಡುಬರುತ್ತದೆ.

ಅವರ ಮೊದಲ ಚಿತ್ರ 'ಗ್ರಹಣ'. ಹಳ್ಳಿಯೊಂದರ ಜಾತ್ರೆಯ ಆಚರಣೆಯ ಸುತ್ತ ಜಾತಿಭೇದದ ಪ್ರಶ್ನೆಯನ್ನು ಎತ್ತಿದ ಈ ಚಿತ್ರವು 1978ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಭಾವೈಕ್ಯದ ಕುರಿತ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು. ಟಿ.ಎಸ್. ರಂಗಾ ಅವರೊಡನೆ ನಾಗಾಭರಣ ಅವರಿಗೆ ಚಿತ್ರಕಥೆಗಾಗಿಯೂ ಪ್ರಶಸ್ತಿ ಲಭಿಸಿತು.

1983ರಲ್ಲಿ ಬಂದ 'ಬ್ಯಾಂಕರ್ ಮಾರ್ಗಯ್ಯ' ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿದ್ದು. ಸಹಕಾರಿ ಬ್ಯಾಂಕಿನ ಎದುರಿನ ಮರದಡಿ ಪೆಟ್ಟಿಗೆ ಇಟ್ಟುಕೊಂಡು ಕುಳಿತು, ಅಕ್ಷರ ತಿಳಿಯದ ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಹೊಟ್ಟೆ ಹೊರೆಯುವವನೇ ಈ ಚಿತ್ರದ ನಾಯಕ. ತಹಶೀಲ್ದಾರ್ ಕಚೇರಿಯ ಅಂಗಳದಲ್ಲಿ ಅರ್ಜಿ ಬರೆಯಿಸಿಕೊಂಡ ಅನುಭವವುಳ್ಳವರಿಗೆ ಮಾರ್ಗಯ್ಯನ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಿಲ್ಲ. ಲೋಕೇಶ್ ಅವರು ಈ ಪಾತ್ರವನ್ನು ನಿರ್ವಹಿಸಿದ್ದರು. ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ದೊರೆಯಿತು.

ಸಂತ ಶಿಶುನಾಳ ಶರೀಫ

ಕುಂದಗೋಳವೆಂದೊಡನೆ ಸವಾಯಿ ಗಂಧರ್ವರು, ಅವರಲ್ಲಿ ಸಂಗೀತ ಕಲಿತ ಭೀಮಸೇನ ಜೋಶಿ ಹಾಗೂ ಗಂಗೂಬಾಯಿ ಹಾನಗಲ್ಲರು ನೆನಪಾಗುತ್ತಾರೆ. ಅದೇ ತಾಲ್ಲೂಕಿನ ಕಳಸದಲ್ಲಿ ಅವರಿಗೂ ಹಿಂದೆ, 19ನೇ ಶತಮಾನದಲ್ಲಿ, ಮತ್ತೊಂದು ಗುರು-ಶಿಷ್ಯ ಸಂಬಂಧ ಬೆಳೆದಿತ್ತು. ಬ್ರಾಹ್ಮಣರಾದ ಗೋವಿಂದ ಭಟ್ಟರು ಶಿಶುವಿನಹಾಳದ ಇಮಾಮ್ ಸಾಹೇಬರ ಮಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಎರಡೂ ಸಮುದಾಯಗಳಲ್ಲಿ ಎದ್ದ ವಿರೋಧವನ್ನು ಲೆಕ್ಕಿಸದೆ ಅವರು ಶಿಷ್ಯನಿಗೆ ಜನಿವಾರವನ್ನೂ ಹಾಕಿದರೆಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಶರೀಫರು (1819-1889) ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಬಳಿಕ ಆ ಕೆಲಸವನ್ನು ತೊರೆದು ಗುರುವಿನ ಹಿಂದೆ ನಡೆದರು. ಅವರು ಮದುವೆಯಾದ ಫಾತಿಮಾ ಕೂಡ ಕುಂದಗೋಳದವರೇ. ನವಲಗುಂದದ ನಾಗಲಿಂಗ ಯತಿಗಳು ಮತ್ತು ಹುಬ್ಬಳ್ಳಿಯ ಸಿದ್ಧಾರೂಢರು ಅವರ ಸಮಕಾಲೀನರು.

1997ರಲ್ಲಿ ಧಾರವಾಡ ಜಿಲ್ಲೆಯ ವಿಭಜನೆಯಾದಾಗ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳವು ಹಾವೇರಿ ಜಿಲ್ಲೆಗೆ ಸೇರಿತು. ಕಳಸವು ಧಾರವಾಡದಲ್ಲಿಯೇ ಉಳಿಯಿತು. ಹೀಗೆ ಗುರುವಿನ ಊರು ಒಂದು ಜಿಲ್ಲೆಯಲ್ಲಿ, ಶಿಷ್ಯನ ಊರು ಇನ್ನೊಂದರಲ್ಲಿ.

ನಾಗಾಭರಣ ಅವರು ಈ ಜೀವನವನ್ನು ತೆರೆಗೆ ತಂದಾಗ ಶರೀಫರ ಹಾಡುಗಳು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಕ್ಯಾಸೆಟ್ಟುಗಳ ಮೂಲಕ ಆಗಲೇ ಮನೆಮಾತಾಗಿದ್ದವು. ಹಾಡು ಎಲ್ಲರಿಗೂ ಗೊತ್ತಿತ್ತು. ಹಾಡಿದ ಮನುಷ್ಯನ ಬದುಕು ಧಾರವಾಡ ಸೀಮೆಯ ಆಚೆಗೆ ಅಷ್ಟಾಗಿ ಗೊತ್ತಿರಲಿಲ್ಲ. ಶರೀಫರು ಆತ್ಮಚರಿತ್ರೆ ಬರೆದವರಲ್ಲ. ಅವರ ತತ್ವಪದಗಳು ಭಜನಾ ಮಂಡಳಿಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಬಂದಂಥವು, ಮತ್ತು ಹಲವು ಪದಗಳ ಬೆನ್ನಿಗೆ ಅದು ಹುಟ್ಟಿದ ಸಂದರ್ಭದ ಒಂದು ಕಥೆಯೂ ಅಂಟಿಕೊಂಡಿದೆ. ಚಿತ್ರವು ಈ ಜನಸ್ಮೃತಿಯನ್ನೇ ಆಧಾರವಾಗಿಟ್ಟುಕೊಂಡು, ನಿತ್ಯದ ಘಟನೆಗಳಿಂದ ಹಾಡು ಹೊಮ್ಮುವಂತೆ ಕಥೆಯನ್ನು ಹೆಣೆದಿದೆ. ಆದ್ದರಿಂದ ಇಲ್ಲಿನ ಹಾಡುಗಳನ್ನು ತೆಗೆದುಹಾಕಿದರೆ ಕಥೆಯೇ ಮುಂದೆ ಸಾಗುವುದಿಲ್ಲ.

ಶರೀಫರ ಪದಗಳಲ್ಲಿ ಬರುವ ವಸ್ತುಗಳು ಮಗ್ಗ, ಕೋಳಿ, ಹೊಲ, ಸೋರುವ ಮಾಳಿಗೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆನಾಡಿನಲ್ಲಿ ಮಾಳಿಗೆ ಎಂದರೆ ಮಣ್ಣು ಹೊದಿಸಿದ ಚಪ್ಪಟೆ ಮೇಲ್ಛಾವಣಿ. ಮಳೆಗಾಲಕ್ಕೆ ಮುನ್ನ ಅದರ ಮೇಲೆ ಹೊಸ ಮಣ್ಣು ಹಾಕದಿದ್ದರೆ ಮನೆಯೊಳಗೆ ನೀರು ಬರುವುದು ಖಚಿತ. ಹಂಚಿನ ಮನೆಯ ನಾಡಿನವರಿಗೆ ಕೇವಲ ರೂಪಕವಾಗಿ ಕೇಳಿಸುವ ಮಾತು ಈ ಭಾಗದವರಿಗೆ ಪ್ರತಿ ವರ್ಷದ ಚಿಂತೆಯಾಗಿತ್ತು.

ಶರೀಫರ ಪಾತ್ರವನ್ನು ಶ್ರೀಧರ್ ಹಾಗೂ ಗೋವಿಂದ ಭಟ್ಟರ ಪಾತ್ರವನ್ನು ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ನಿರ್ವಹಿಸಿದ್ದಾರೆ. ಸಂಗೀತ ಸಿ. ಅಶ್ವತ್ಥ್ ಅವರದು. ಚಿತ್ರದ ಜೀವಾಳ ಈ ಇಬ್ಬರು ನಟರು ಒಟ್ಟಿಗಿರುವ ದೃಶ್ಯಗಳಲ್ಲಿದೆ. ಅಲ್ಲಿ ಮತಗಳ ಐಕ್ಯದ ಕುರಿತು ಭಾಷಣವಿಲ್ಲ. ಒಬ್ಬ ಮೊಂಡು ಸ್ವಭಾವದ ಗುರು, ಅವನನ್ನು ಬಿಟ್ಟಿರಲಾರದ ಒಬ್ಬ ಶಿಷ್ಯ, ಅಷ್ಟೆ. 1989ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ, ಆಗ ನರ್ಗೀಸ್ ದತ್ ಅವರ ಹೆಸರಿನಲ್ಲಿ ನೀಡಲಾಗುತ್ತಿದ್ದ ಭಾವೈಕ್ಯ ಪ್ರಶಸ್ತಿಯು ಈ ಚಿತ್ರಕ್ಕೆ ಸಂದಿತು. 1990ರಲ್ಲಿ ಇದು ತೆರೆಕಂಡಿತು.

ಈ ಭಾಗದ ನುಡಿ

ಕನ್ನಡ ಚಿತ್ರಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಅವುಗಳ ಮಾತು ಮೈಸೂರು-ಬೆಂಗಳೂರು ಕಡೆಯದಾಗಿತ್ತು. ಉತ್ತರ ಕರ್ನಾಟಕದ ಮಾತು ಕೇಳಿಬಂದರೆ ಹೆಚ್ಚಾಗಿ ಅದು ನಗೆಪಾತ್ರಧಾರಿಯ ಬಾಯಲ್ಲಿಯೇ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ'ಯಂಥ ಚಿತ್ರಗಳನ್ನು ಬಿಟ್ಟರೆ ಪರಿಸ್ಥಿತಿ ಹೀಗೆಯೇ ಇತ್ತು. ಇದೊಂದು ವಿಪರ್ಯಾಸ. ಏಕೆಂದರೆ ಅಣ್ಣಿಗೇರಿಯ ಮನೆತನದ ಅಬ್ಬಣಬ್ಬೆಯ ಮಗನಾದ ಆದಿಕವಿ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಕುಂದಗೋಳಕ್ಕೆ ನೆರೆಯಾದ ಇಂದಿನ ಲಕ್ಷ್ಮೇಶ್ವರ.

1997ರ 'ನಾಗಮಂಡಲ'ದಲ್ಲಿ ನಾಗಾಭರಣ ಅವರು ಈ ನುಡಿಯನ್ನು ಇಡೀ ಚಿತ್ರದ ಭಾಷೆಯಾಗಿ ಬಳಸಿದರು. ಕಾರ್ನಾಡರ ನಾಟಕವನ್ನು ಆಧರಿಸಿದ ಈ ಚಿತ್ರಕ್ಕೆ ಹುಬ್ಬಳ್ಳಿ-ಧಾರವಾಡದ ರಂಗಭೂಮಿ ಹಾಗೂ ಪತ್ರಿಕಾರಂಗದಲ್ಲಿ ದುಡಿದ ಗೋಪಾಲ ವಾಜಪೇಯಿ ಅವರು ಸಂಭಾಷಣೆ ಬರೆದರು. ಗಂಡನ ರೂಪ ತಾಳಿ ರಾತ್ರಿ ಬರುವ ನಾಗನೊಡನೆ ರಾಣಿ ಆಡುವ ಮಾತು ಗ್ರಂಥಸ್ಥ ಭಾಷೆಯಲ್ಲಿದ್ದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಡುಗೆಮನೆಯ, ಪಡಸಾಲೆಯ ಮಾತಿನಲ್ಲಿಯೇ ಆ ಪ್ರೀತಿ ಮತ್ತು ಭಯ ಎರಡೂ ನಿಜವಾಗುತ್ತವೆ. ಪ್ರಕಾಶ್ ರೈ ಹಾಗೂ ವಿಜಯಲಕ್ಷ್ಮಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಕಂಬಾರರ ಕಾದಂಬರಿಯನ್ನು ಆಧರಿಸಿದ 'ಸಿಂಗಾರೆವ್ವ' ಇದೇ ದಾರಿಯಲ್ಲಿ ಸಾಗಿ, 2002ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಗಳಿಸಿತು.

ಡಾ. ರಾಜಕುಮಾರ್ ಅಭಿನಯದ 'ಆಕಸ್ಮಿಕ' (1993) ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಜನಪ್ರಿಯ ಚಿತ್ರ. ಕನ್ನಡ ನಾಡಿನಲ್ಲಿ ಹುಟ್ಟುವ ಭಾಗ್ಯವನ್ನು ಕೊಂಡಾಡುವ ಅದರ ಹಾಡನ್ನು ಹುಬ್ಬಳ್ಳಿಯ ಬೀದಿಗಳಲ್ಲಿ ಟಾಂಗಾ ಓಡಿಸುತ್ತ ಚಿತ್ರೀಕರಿಸಲಾಗಿತ್ತು. ರಾಜ್ಯೋತ್ಸವದ ದಿನ ಈ ಹಾಡು ಕೇಳಿಸದ ಊರು ಸಿಗುವುದು ಕಷ್ಟ.

ಇತರ ಚಿತ್ರಗಳು

ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಂದಲೇ ಕಥೆ ಕಟ್ಟಿದ 'ಮೈಸೂರು ಮಲ್ಲಿಗೆ' (1992) ರಾಷ್ಟ್ರ ಪ್ರಶಸ್ತಿ ಪಡೆದುದಲ್ಲದೆ, ಕವಿಗೂ ಗೀತರಚನೆಗಾಗಿ ಅದೇ ಗೌರವವನ್ನು ತಂದುಕೊಟ್ಟಿತು. ಅನಾಥ ಹಳ್ಳಿ ಹುಡುಗನೊಬ್ಬ ಓಟಗಾರನಾಗುವ 'ಚಿನ್ನಾರಿ ಮುತ್ತ' (1993) ಚಿತ್ರದಲ್ಲಿ ಬಾಲನಟನಾಗಿದ್ದ ವಿಜಯ ರಾಘವೇಂದ್ರ ಅವರೇ ಮುಂದೆ 'ಕಲ್ಲರಳಿ ಹೂವಾಗಿ'ಯ ನಾಯಕರಾದರು. ಹೈದರಾಲಿಯ ಕಾಲದ ಚಿತ್ರದುರ್ಗದ ಹಿನ್ನೆಲೆಯ ಈ ಚಿತ್ರಕ್ಕೆ 2006ನೇ ಸಾಲಿನ ನರ್ಗೀಸ್ ದತ್ ಪ್ರಶಸ್ತಿ ಬಂದಿತು. ಗುಜರಾತಿ ಲೇಖಕ ಪನ್ನಾಲಾಲ್ ಪಟೇಲ್ ಅವರ ಕಾದಂಬರಿಯನ್ನು ಆಧರಿಸಿದ 'ಜನುಮದ ಜೋಡಿ' (1996) ಚಿತ್ರಮಂದಿರಗಳಲ್ಲಿ ದೀರ್ಘಕಾಲ ಓಡಿತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿದ 'ಚಿಗುರಿದ ಕನಸು' 2003ರಲ್ಲಿ ಬಂದಿತು. 2017ರಲ್ಲಿ ತೆರೆಕಂಡ 'ಅಲ್ಲಮ' ಹಿನ್ನೆಲೆ ಸಂಗೀತ ಹಾಗೂ ಪ್ರಸಾಧನಕ್ಕಾಗಿ ರಾಷ್ಟ್ರ ಪ್ರಶಸ್ತಿ ಗಳಿಸಿದೆ.

ಶ್ರೀ ನಾಗಾಭರಣ ಅವರು ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 2019ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿ ನೇಮಕಗೊಂಡರು.

ಈ ಚಿತ್ರಗಳನ್ನು ಹೊಸದಾಗಿ ನೋಡಬಯಸುವವರು 'ಸಂತ ಶಿಶುನಾಳ ಶರೀಫ'ದಿಂದ ಆರಂಭಿಸಿ, ಬಳಿಕ 'ನಾಗಮಂಡಲ'ವನ್ನು ನೋಡುವುದು ಸೂಕ್ತ. ಗ್ರಾಮದ ಶಾಲೆ, ಯುವಕ ಮಂಡಳಿಗಳಲ್ಲಿ ಮಕ್ಕಳಿಗಾಗಿ ಪ್ರದರ್ಶನ ಏರ್ಪಡಿಸುವುದಾದರೆ 'ಚಿನ್ನಾರಿ ಮುತ್ತ' ಉತ್ತಮ. 'ಅಲ್ಲಮ'ವು ವಚನಗಳನ್ನು ಸ್ವಲ್ಪವಾದರೂ ಓದಿಕೊಂಡವರಿಗೆ ಹೆಚ್ಚು ದಕ್ಕುತ್ತದೆ.