ಮುಪ್ಪಿನಲ್ಲಿ ಮಾಗುವ ಕೆಂಪು ವೈನ್

ಮರ ಮುಪ್ಪಾದರೆ ಹುಳಿ ಮುಪ್ಪೆ ಎಂಬ ಗಾದೆ ಹುಣಸೆಗೆ ಸರಿ. ದ್ರಾಕ್ಷಿಯ ಮಾತು ಬೇರೆ. ವೈನಿಗೆ ಬಾಲ್ಯವಿದೆ, ಯೌವನವಿದೆ, ಮುಪ್ಪಿದೆ. ಕೊನೆಗೆ ಸಾವೂ ಇದೆ. ಹಳತಾದಷ್ಟೂ ಎಲ್ಲ ವೈನಿಗೂ ರುಚಿ ಹೆಚ್ಚುತ್ತದೆಂಬುದು ಬರಿಯ ಭ್ರಮೆ. ಬಹುಪಾಲು ವೈನುಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದಂಥವು.

ದಶಕಗಳ ಕಾಲ ಬಾಳುವ ಕೆಂಪು ವೈನಿಗೆ ಹೆಸರಾದದ್ದು ಫ್ರಾನ್ಸಿನ ಬೋರ್ಡೊ. 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಅಲ್ಲಿನ ಹೆಸರಾಂತ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಲಾಯಿತು. ಆ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. 1973ರಲ್ಲಿ ಮುಟಾನ್ ರಾತ್‌ಶಿಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಅಪರೂಪದ ಬಡ್ತಿ.

ಈ ದೀರ್ಘಾಯುಷ್ಯದ ಗುಟ್ಟು ಒಗರಿನಲ್ಲಿದೆ. ಕ್ಯಾಬರ್ನೆ ಸೊವಿನ್ಯೋನ್ ಎಂಬ ಪುಟ್ಟ ಕಪ್ಪು ದ್ರಾಕ್ಷಿಯ ದಪ್ಪ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಹೇರಳ. ಎಳೆಯ ವೈನ್ ಬಾಳೆಕಾಯಿಯಂತೆ ನಾಲಿಗೆಯನ್ನು ಹಿಡಿಯುವುದು ಇದರಿಂದಲೇ. ವರ್ಷ ಕಳೆದಂತೆ ಟ್ಯಾನಿನ್ನೂ ಬಣ್ಣದ ಕಣಗಳೂ ಕೂಡಿಕೊಂಡು ಗಸಿಯಾಗಿ ತಳಕ್ಕಿಳಿಯುತ್ತವೆ. ನೇರಳೆಗೆಂಪು ಇಟ್ಟಿಗೆಗೆಂಪಾಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಹೊಗೆಸೊಪ್ಪು, ಚರ್ಮ, ಒದ್ದೆ ತರಗೆಲೆಗಳ ಪರಿಮಳ ಮುಂದೆ ಬರುತ್ತದೆ.

ಇಂಥ ಬಾಟಲಿಯನ್ನು ಊಟಕ್ಕೆ ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಬೇಕು. ಬಿರಡೆ ತೆಗೆದು, ಕತ್ತಿನ ಹಿಂದೆ ದೀಪವಿಟ್ಟುಕೊಂಡು, ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಬೇಕು. ಗಸಿ ಕತ್ತಿನ ಬಳಿ ಬಂದೊಡನೆ ಕೈ ನಿಲ್ಲಬೇಕು. ಎಳೆಯ ವೈನಿಗೆ ಗಾಳಿ ಹಿತ. ಮುಪ್ಪಿನದಕ್ಕೆ ಅದೇ ಶತ್ರು. ಸುವಾಸನೆ ಬೇಗನೆ ಹಾರಿಹೋದೀತು. ಆದ್ದರಿಂದ ಅಡುಗೆ ವೈನಿಗಾಗಿ ಕಾಯಬೇಕೇ ಹೊರತು ವೈನ್ ಅಡುಗೆಗಾಗಿ ಕಾಯಬಾರದು. ಲೋಟದ ಮೂರನೆಯ ಒಂದು ಭಾಗ ತುಂಬಿಸಿ, ಮೆಲ್ಲಗೆ ಆಡಿಸಿ, ಮೊದಲು ಮೂಸಿ, ಆಮೇಲೆ ಗುಟುಕು.

ಜೊತೆಗೇನು? ಕಡು ಚಹಾದ ಒಗರನ್ನು ಹಾಲು ತಣಿಸುವುದು ನಮಗೆ ಗೊತ್ತಿರುವುದೇ. ಮಾಂಸವೂ ಟ್ಯಾನಿನ್ನಿಗೆ ಅದನ್ನೇ ಮಾಡುತ್ತದೆ. ಬೋರ್ಡೊ ಸೀಮೆಯ ಪೊಯಾಕಿನಲ್ಲಿ ವೈನಿನಷ್ಟೇ ಎಳೆಗುರಿಯ ಮಾಂಸಕ್ಕೂ ಹೆಸರಿದೆ. ಬೆಳ್ಳುಳ್ಳಿ ಸವರಿ ಹುರಿದ ಅದು ಹಳೆಯ ವೈನಿಗೆ ತಕ್ಕ ಜೋಡಿ. ಖಾರ, ಮಸಾಲೆ ಹೆಚ್ಚಾದರೆ ವೃದ್ಧನ ಮೆಲುದನಿ ಯಾರಿಗೂ ಕೇಳಿಸದು.

ಮೂವತ್ತು ವರ್ಷ ಜೋಪಾನ ಮಾಡಿದ ಬಾಟಲಿಯೂ ಒಳಗೆ ಸತ್ತಿರಬಹುದು. ಕಾದದ್ದು ಸಾರ್ಥಕವೋ, ಅತಿಯಾಯಿತೋ ಎಂಬುದು ತಿಳಿಯುವುದು ಬಿರಡೆ ತೆಗೆದ ಮೇಲೆಯೇ. ಆಗ ಮತ್ತೆ ಮುಚ್ಚಿಡುವಂತಿಲ್ಲ.