ಎಲುಬಿನ ನಂಟಿಲ್ಲದ ಹೆಗಲು

ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಕುರಿ ತರುಬಿದ ಹೊಲದ ಬದುವಿನಲ್ಲಿ ಒಮ್ಮೊಮ್ಮೆ ಒಂದು ಬೇಟೆನಾಯಿ ಮಲಗಿರುತ್ತದೆ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಮುಧೋಳದ್ದೋ ಅದರ ಬೆರಕೆಯೋ. ಕುರಿಗಾಹಿ ಅದರ ಪಕ್ಕೆಯ ಮೇಲೆ ಕೈಯಾಡಿಸಿಯೇ ಎಲುಬು ಎಣಿಸಬಲ್ಲ: ಒಂದು ಬದಿಗೆ 13, ನಮಗಿಂತ ಒಂದು ಹೆಚ್ಚು. ಕೈಗೆ ದಕ್ಕುವುದು ಅಷ್ಟೇ. ಆ ಗೂಡಿನೊಳಗೆ ಏನು ಹೇಗೆ ಅಲುಗುತ್ತದೆ ಎಂದು ತಿಳಿಯಲು ಬೇರೆಯದೇ ಕಣ್ಣು ಬೇಕು.

ಪಶುವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನೆಯ ಪಾಠ ಶುರುವಾಗುವುದು ಫಾರ್ಮಲಿನ್ ವಾಸನೆಯ ಕಳೇಬರದ ಮುಂದೆ. ಅದು ಬೇಕು. ಸ್ನಾಯುವಿನ ಎಳೆ ಹಿಡಿದು ಬಿಡಿಸುವ ಅನುಭವವನ್ನು ಯಾವ ಪರದೆಯೂ ಕೊಡದು. ಆದರೆ ಅಲ್ಲಿ ಶ್ವಾಸಕೋಶ ಕುಸಿದಿರುತ್ತದೆ, ಹೃದಯ ನಿಂತಿರುತ್ತದೆ, ಕಾಲು ಸೆಟೆದಿರುತ್ತದೆ.

ಹೆಗಲನ್ನೇ ನೋಡಿ. ನಮ್ಮ ಹೆಗಲಿಗೆ ಕೊರಳೆಲುಬಿನ ಆಸರೆಯಿದೆ. ನಾಯಿಯಲ್ಲಿ ಆ ಎಲುಬು ಹೆಸರಿಗಷ್ಟೇ. ಮುಂಗಾಲು ಬರೀ ಸ್ನಾಯುಗಳ ಬಿಗಿಯಿಂದ ಎದೆಗೂಡಿಗೆ ಅಂಟಿಕೊಂಡಿದೆ; ಎಲುಬಿಗೆ ಎಲುಬು ಎಲ್ಲೂ ಕೂಡಿಲ್ಲ. ಕಳೇಬರ ಕೊಯ್ದವರಿಗೆ ಇದು ಹಳೆಯ ಸಂಗತಿಯೇ. ಓಡುವಾಗ ಏನಾಗುತ್ತದೆ? ಜರ್ಮನಿಯ ಯೆನಾದಲ್ಲಿ ಮಾರ್ಟಿನ್ ಫಿಷರ್ ಮತ್ತು ಸಂಗಡಿಗರು 32 ತಳಿಗಳ 327 ನಾಯಿಗಳ ನಡೆ-ಓಟ ಅಳೆದರು, ಎಕ್ಸ್‌ರೇ ವಿಡಿಯೋವನ್ನೂ ಬಳಸಿದರು. ಮುಂಗಾಲಿನ ಹೆಜ್ಜೆ ಹುಟ್ಟುವುದು ಭುಜದ ಸಂದಿಯಲ್ಲಿ ಅಲ್ಲವೆಂದು ಅದರಲ್ಲಿ ಕಂಡಿತು. ಹೆಗಲ ಹಲಗೆಯೇ ತನ್ನ ಮೇಲಂಚನ್ನು ಕೀಲಾಗಿಸಿಕೊಂಡು ಗಡಿಯಾರದ ಲೋಲಕದಂತೆ ತೂಗುತ್ತದೆ. ಮೊಲದ ಹಿಂದೆ ಬಿದ್ದ ನಾಯಿಯ ಅಷ್ಟುದ್ದದ ಹಾರುಹೆಜ್ಜೆಗೆ ಈ ಸಡಿಲ ಹೆಗಲೂ ಒಂದು ಕಾರಣ.

ಸಿಟಿ ಸ್ಕ್ಯಾನ್‌ನ ಜಾಣ್ಮೆ ಬೇರೆ. ಸುತ್ತಲಿಂದಲೂ ಎಕ್ಸ್‌ರೇ ಹಾಯಿಸಿ ದೇಹವನ್ನು ಸೌತೆಕಾಯಿ ಬಿಲ್ಲೆಗಳಂತೆ ತೋರಿಸುತ್ತದೆ. ಬಿಲ್ಲೆಗಳನ್ನು ಜೋಡಿಸಿದರೆ ಪರದೆಯ ಮೇಲೆ ಇಡೀ ನಾಯಿ. ವಿದ್ಯಾರ್ಥಿ ಅದರ ಚರ್ಮ ತೆಗೆದು ಮತ್ತೆ ಹೊದಿಸಬಹುದು, ಎಷ್ಟು ಸಲ ಬೇಕಾದರೂ. ಚಿತ್ರದ ಕಪ್ಪು-ಬಿಳುಪಿಗೂ ಒಂದು ಅಳತೆಯಿದೆ: ನೀರು 0, ಗಾಳಿ -1000. ಆ ಮಾನದ ಹೆಸರು ಹೌನ್ಸ್‌ಫೀಲ್ಡ್. ಸ್ಕ್ಯಾನರ್ ಕಟ್ಟಿ 1979ರಲ್ಲಿ ನೊಬೆಲ್ ಹಂಚಿಕೊಂಡ ಎಂಜಿನಿಯರ್ ಅವರು. ಹೆಸರಿನಲ್ಲಿ ‘ಹೌಂಡ್’ ಕೇಳಿಸಿದರೂ ಬೇಟೆನಾಯಿಗೂ ಅವರಿಗೂ ಸಂಬಂಧವಿಲ್ಲ!

ಆದರೆ ದನದ ದವಾಖಾನೆಯ ಮಟ್ಟಿಗೆ ಸಾದಾ ಎಕ್ಸ್‌ರೇಯೇ ದೊಡ್ಡ ಮೇಷ್ಟ್ರು. ನಾಯಿಯ ಹೃದಯ ಊದಿದೆಯೇ ಎಂದು ನೋಡಲು ಸೆಂಟಿಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ನಾಯಿಗಳ ಗಾತ್ರ ಒಂದೇ ಸಮವಿಲ್ಲವಲ್ಲ. 1995ರಲ್ಲಿ ಬ್ಯೂಕನನ್ ಮತ್ತು ಬ್ಯೂಶೆಲರ್ ಸೊಗಸಾದ ಉಪಾಯ ಕೊಟ್ಟರು: ಹೃದಯದ ಉದ್ದ, ಅಗಲಗಳನ್ನು ಅದೇ ನಾಯಿಯ ಬೆನ್ನುಮೂಳೆಯ ಮಣಿಗಳಿಂದ ಅಳೆಯಿರಿ, ಎದೆಭಾಗದ 4ನೇ ಮಣಿಯಿಂದ ಎಣಿಸುತ್ತಾ. ಎರಡರ ಮೊತ್ತ ಸರಾಸರಿ 9.7. ಆದರೆ ಗ್ರೇಹೌಂಡ್‌ಗಳಲ್ಲಿ ಆರೋಗ್ಯವಂತ ಹೃದಯವೇ 10.5ರ ಹತ್ತಿರ ಬರುತ್ತದೆ. ಓಟಗಾರನ ಎಂಜಿನ್ ದೊಡ್ಡದು, ರೋಗವಲ್ಲ. ಮುಧೋಳವೂ ಓಟದ ನಾಯಿಯೇ. ಅದರ ಚಿತ್ರವನ್ನು ಬರೀ ಸರಾಸರಿಯ ಕಣ್ಣಿನಿಂದ ಓದಿ ಮಾತ್ರೆ ಬರೆಯುವುದು ಸರಿಯಲ್ಲ. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯ ಎದೆಯ ಚಿತ್ರಗಳು ಅಲ್ಲಿಂದ ತರಗತಿಗಳಿಗೆ ಹೋಗುವಂತಾದರೆ ಚೆನ್ನ.

ಎದೆಯ ಎಕ್ಸ್‌ರೇ ತೆಗೆಯುವ ಕ್ರಮದಲ್ಲೂ ಅದೇ ಹೆಗಲು ಅಡ್ಡ ಬರುತ್ತದೆ. ನಾಯಿಯನ್ನು ಮಗ್ಗುಲಿಗೆ ಮಲಗಿಸಿ ಮುಂಗಾಲೆರಡನ್ನೂ ಮುಂದಕ್ಕೆ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಹಲಗೆಯ ನೆರಳು ಎದೆಯ ಮೇಲೆ ಬೀಳುತ್ತದೆ. ಎಲುಬಿನ ನಂಟಿಲ್ಲದ್ದರಿಂದ ಅದು ಸಲೀಸಾಗಿ ಸರಿಯುತ್ತದೆ. ಆಮೇಲೆ ನಾಯಿ ಪೂರ್ತಿ ಉಸಿರೆಳೆದ ಕ್ಷಣಕ್ಕೆ ಗುಂಡಿ ಒತ್ತಬೇಕು. ಮೇ ತಿಂಗಳ ಸಿಂಧನೂರಿನಲ್ಲಿ ನಾಲಿಗೆ ಚಾಚಿ ತೇಕುತ್ತಿರುವ ನಾಯಿಯಲ್ಲಿ ಆ ಕ್ಷಣ ಹಿಡಿಯುವುದೇ ಕಷ್ಟ.